ರೇವತ್ತೆ ಮನೆ ನೋಡಿದ್ದು

ಪ್ರಶ್ನೆಗಳನ್ನು ಬರೆಯುವುದೇನೋ ಬರೆದುಬಿಟ್ಟೆ, ಭಾನುವಾರ ಅವನ್ನು ಬಾಯಿಬಿಟ್ಟು ಕೇಳುವವರು ಯಾರು? ವಾರವಿಡೀ ನನ್ನನ್ನು ಕೊರೆದ ಚಿಂತೆ ಇದೊಂದೇ. ದಿನಚರಿಯಲ್ಲೂ ಇದನ್ನು ಸಣ್ಣ ಅಕ್ಷರದಲ್ಲೇ ಬರೆದಿದ್ದೇನೆ, ದಿನಚರಿಗೂ ಜೋರಾಗಿ ಕೇಳಿಸದಿರಲಿ ಎಂಬಂತೆ.

ನಾನು ಎಂ.ಕಾಂ. ಪಾಸಾದವಳು. ಮಂಡ್ಯದ ಕಾಲೇಜೊಂದರ ಕಚೇರಿಯಲ್ಲಿ ತಾತ್ಕಾಲಿಕ ಗುಮಾಸ್ತೆ. ಆದರೂ ಬಸ್ಸಿನಲ್ಲಿ "ಇಳೀಬೇಕು" ಎಂದು ಕೂಗಲಾರದೆ, ಬೆಸಗರಹಳ್ಳಿ ದಾಟಿಸಿಕೊಂಡು ಮುಂದಿನ ಸ್ಟಾಪಿನಲ್ಲಿಳಿದು, ಹಿಂದಕ್ಕೆ ನಡೆದುಬಂದ ದಿನಗಳೆಷ್ಟೋ. ನನ್ನೊಂದಿಗೆ ಇನ್ನೊಬ್ಬರಾದರೂ ಇಳಿಯುವವರಿರಲಿ ಎಂದು ಮದ್ದೂರಿನಿಂದಲೇ ವೈದ್ಯನಾಥೇಶ್ವರನನ್ನು ಬೇಡಿಕೊಳ್ಳುತ್ತೇನೆ. ಇಂಥವಳು ಗುರುತಿಲ್ಲದವರ ಮುಂದೆ ಕುಳಿತು ಹದಿನಾಲ್ಕು ಪ್ರಶ್ನೆ ಕೇಳಬೇಕಿತ್ತು.

ಪ್ರಶ್ನೆಗಳು ನಮ್ಮ ರೇವತ್ತೆಯನ್ನು ಬಿಡಬೇಕೆಂದಿದ್ದ ವೃದ್ಧರ ಆರೈಕೆ ಮನೆಯವರಿಗೆ. ರೇವತ್ತೆ ಅಂದರೆ ಅಪ್ಪನ ಅಕ್ಕ, ರೇವಮ್ಮ. ಮದುವೆಯಾದ ಮೂರೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನಗೆ ನಾಲ್ಕು ವರ್ಷವಿದ್ದಾಗ ಅಮ್ಮ ತೀರಿಕೊಂಡಳು, ಅಂದಿನಿಂದ ನನ್ನನ್ನು ಸಾಕಿದವಳು ಇವಳೇ. ಈಗ ಅವಳಿಗೆ ಎಪ್ಪತ್ಮೂರು, ಎರಡು ವರ್ಷದಿಂದ ಮರೆವಿನ ಕಾಯಿಲೆ. ಮೊದಲು ಬೀಗದ ಕೈ ಎಲ್ಲಿಟ್ಟೆನೆಂದು ಮರೆತಳು, ಆಮೇಲೆ ಬೀಗ ಯಾತಕ್ಕೆಂದು ಮರೆತಳು. ಪ್ಲಾಸ್ಟಿಕ್ ಬಿಂದಿಗೆಯನ್ನು ಗ್ಯಾಸಿನ ಮೇಲಿಟ್ಟು ಅನ್ನಕ್ಕೆ ಎಸರು ಕಾಯಿಸಿದಳು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅವಳ ಮರೆವಿಗೂ ದೂರ ಹೆಚ್ಚಿತು. ಹಿಂದೆ ಹಿತ್ತಲಿನಲ್ಲಿ ಕಳೆದುಹೋಗುತ್ತಿದ್ದವಳು, ಆಧಾರ್ ಕಾರ್ಡನ್ನು ಎಲೆಅಡಿಕೆ ಚೀಲದಲ್ಲಿ ಸಿಕ್ಕಿಸಿಕೊಂಡು ಒಂದು ಸಲ ಮಳವಳ್ಳಿಯಲ್ಲಿ ಸಿಕ್ಕಳು, ಇನ್ನೊಂದು ಸಲ ಹಲಗೂರಿನಲ್ಲಿ. ಹಲಗೂರು ಬಸ್‌ಸ್ಟಾಪಿನಲ್ಲಿ ಬೆಳಗಿನಿಂದ ಕೂತು, "ಹೆಣ್ಣಿನ ಕಡೆಯೋರು ಇನ್ನೂ ಬರ್ನಿಲ್ಲ" ಎಂದು ಕಾಯುತ್ತಿದ್ದಳಂತೆ.

ಹಾಗೆ ಕಾಯುವುದಕ್ಕೆ ಕಾರಣವಿದೆ. ನಮ್ಮ ಕಡೆ ಗಂಡಿನವರು ಬಂದು ಹೆಣ್ಣು ಒಪ್ಪಿದ ಮೇಲೆ, ಹೆಣ್ಣಿನವರು ಹೋಗಿ ಗಂಡಿನ ಮನೆ ನೋಡಿ ಬರುವ ಪದ್ಧತಿ. ಮೂವತ್ತು ವರ್ಷ, ಬೆಸಗರಹಳ್ಳಿಯ ಯಾವ ಹೆಣ್ಣಿಗೇ ಆಗಲಿ, ರೇವತ್ತೆ ಹೋಗಿ ಮನೆ ನೋಡಿ ಬಾರದೆ ಎಲೆಅಡಿಕೆ ಬದಲಾಗುತ್ತಿರಲಿಲ್ಲ. ಗಂಡ ಸತ್ತವಳೆಂದು ಮದುವೆ ಚಪ್ಪರದೊಳಕ್ಕೆ ಕರೆಯದ ಊರು, ಮನೆ ನೋಡಲು ಮಾತ್ರ ಮೊದಲು ಅವಳನ್ನೇ ಕರೆಯುತ್ತಿತ್ತು. ಗಂಡಸರು ಜಗಲಿಯಲ್ಲಿ ಕೂತು, ಗದ್ದೆ ಎಷ್ಟು, ಬೋರಿನಲ್ಲಿ ಎಷ್ಟಿಂಚು ನೀರು ಎಂದು ವಿಚಾರಿಸುತ್ತಿದ್ದರೆ ಇವಳು ನೇರ ಹಿತ್ತಲಿಗೆ. ಕುಡಿಯಲು ನೀರು ಕೇಳುವಳು, ಕುಡಿಯುವ ಮುಂಚೆ ಚೊಂಬಿನ ತಳ ನೋಡುವಳು. ನಾಯಿಯ ಮುಂದೆ ತಟ್ಟನೆ ಕೈ ಎತ್ತುವಳು, ಅದು ಬಾಲ ಮುದುರಿದರೆ ಇವಳು ಮುಖ ಮುದುರುವಳು. ಕೊನೆಗೆ ಆ ಮನೆಯ ಮುದುಕ ಮುದುಕಿಯರ ಪಕ್ಕ ಕೂತು, ಕೈ ಹಿಡಿದು ಮಾತಾಡಿಸುತ್ತ, ಅವರ ಉಗುರು ನೋಡುವಳು.

"ಮುದುಕ್ರ ಉಗುರು ಕತ್ತರ್ಸೋರು ಇರೋ ಮನೇಲಿ ಹೆಣ್ಣು ಅಳಕ್ಕಿಲ್ಲ ಕಣಮ್ಮ" ಎಂಬುದು ಅವಳ ಸಿದ್ಧಾಂತ.

ಇಷ್ಟಕ್ಕೂ ಮುಗಿಯುತ್ತಿರಲಿಲ್ಲ. ಊರಿಗೆ ವಾಪಸಾದ ಮೇಲೆ ಹುಡುಗಿಯನ್ನು ಹಿತ್ತಲಿಗೆ ಕರೆದು, "ನಿಂಗೆ ಒಪ್ಗೆನಾ? ಬಾಯ್ಬುಟ್ಟು ಏಳು" ಎನ್ನುವಳು. ಹುಡುಗಿ ತಲೆ ತಗ್ಗಿಸಿದರೆ ಸಾಲದು. "ಸುಮ್ಕಿದ್ರೆ ಒಪ್ಗೆ ಅನ್ನಾದು ಗಂಡಸ್ರು ಮಾಡ್ಕಂಡಿರೋ ಕಾನೂನು. ನನ್ತಾವ ನಡ್ಯಾಕಿಲ್ಲ" ಎನ್ನುವಳು. ಇಂಥವಳ ಮಡಿಲಲ್ಲಿ ಬೆಳೆದ ನಾನು ಬಾಯಿಲ್ಲದವಳಾದದ್ದು ಹೇಗೆಂಬುದು ಊರಿಗೇ ಒಗಟು.

ಅಪ್ಪ ಪುಟ್ಟಮಾದಯ್ಯ. ಊರ ಹಾಲಿನ ಸೊಸೈಟಿಯಲ್ಲಿ ಮೂವತ್ತೊಂದು ವರ್ಷ ಕಾರ್ಯದರ್ಶಿಯಾಗಿದ್ದು ನಿವೃತ್ತರಾದರು. ಹಾಲಿಗೆ ನೀರು ಬೆರೆತಿದೆಯೇ ಎಂದು ತೋರಿಸುವ ಲ್ಯಾಕ್ಟೋಮೀಟರು ಎಂಬ ಗಾಜಿನ ಕಡ್ಡಿ ಮಾತ್ರ ಅವರ ಜೇಬಿನಿಂದ ಇನ್ನೂ ನಿವೃತ್ತವಾಗಿಲ್ಲ. ಮನುಷ್ಯ ಸುಳ್ಳು ಹೇಳಬಹುದು, ಹಾಲು ಹೇಳದು ಎಂದು ಅವರ ನಂಬಿಕೆ. ಹಿಂದಿನ ವಾರ ಮಂಡ್ಯದಲ್ಲಿ ಇಂಥದೇ ಒಂದು ಮನೆ ನೋಡಲು ಹೋಗಿದ್ದಾಗ, ಅಡುಗೆಮನೆಗೆ ನುಗ್ಗಿ ಹಾಲಿನಲ್ಲಿ ಕಡ್ಡಿ ತೇಲಿಬಿಟ್ಟರು. "ಇಪ್ಪತ್ತೆರಡು ಡಿಗ್ರಿ! ಕಾವೇರಮ್ಮ ಸೀದಾ ಇಲ್ಲಿಗೇ ಅರ್ದವಳೆ. ನಡಿ ಮಗ" ಎಂದು ಹೊರಟೇಬಿಟ್ಟರು.

ಅಷ್ಟರಲ್ಲಿ ನಾನು ಒಳಕೋಣೆಯಲ್ಲಿ ಒಬ್ಬ ಅಜ್ಜಿಯನ್ನು ಕಂಡಿದ್ದೆ. ಹಳೆ ಸೀರೆಯ ಅಂಚು ಹರಿದು ಅವಳ ಕೈಯನ್ನು ಮಂಚದ ಸರಳಿಗೆ ಕಟ್ಟಿದ್ದರು. ಅವಳು ಗಂಟನ್ನು ಬಿಚ್ಚುತ್ತಿರಲಿಲ್ಲ, ಮಗುವಿನ ತಲೆ ಸವರಿದಂತೆ ಸವರುತ್ತಿದ್ದಳು. ನಾನು ಅಲ್ಲಿ ಯಾರನ್ನೂ ಕೇಳಲಿಲ್ಲ, ಅಪ್ಪನಿಗೂ ಹೇಳಲಿಲ್ಲ. ಹೇಗೂ ಹಾಲೇ ಬೇಡವೆಂದಿತಲ್ಲ, ಇನ್ನು ನಾನೇಕೆ ಎಂದುಕೊಂಡೆ. ಆ ಅಜ್ಜಿ ಈಗಲೂ ಅಲ್ಲೇ ಇದ್ದಾಳೆ. ಮನೆಗೆ ಬಂದ ಮೇಲೆ ಕುಳಿತು ಆ ಹದಿನಾಲ್ಕು ಪ್ರಶ್ನೆ ಬರೆದೆ.

ಮಾರನೆಯ ದಿನ ಪಕ್ಕದ ಮನೆಯ ಪುಷ್ಪಕ್ಕ ಮೊಸರಿಗೆ ಹೆಪ್ಪು ಕೇಳಲು ಬಂದಳು. ಬಂದವಳು ಟೀವಿಯ ಮೇಲಿದ್ದ ಹಾಳೆ ಎತ್ತಿಕೊಂಡಳು. ನನ್ನ ಅಕ್ಷರ ದುಂಡಗಿವೆ ಎಂದು ಶಾಲೆಯಲ್ಲಿ ಬಹುಮಾನ ಕೊಟ್ಟ ಮೇಷ್ಟರನ್ನು ಅಂದು ಮೊದಲ ಸಲ ಶಪಿಸಿದೆ.

"ಒಂದು. ಮನೆಯಲ್ಲಿ ಒಟ್ಟು ಎಷ್ಟು ಜನ?" ಪುಷ್ಪಕ್ಕ ಗಟ್ಟಿಯಾಗಿ ಓದತೊಡಗಿದಳು. "ಎರಡು. ಕೈ ಮಾಡುತ್ತಾರೆಯೇ? ಮೂರು. ಹೊರಗಿನಿಂದ ಬೀಗ ಹಾಕುತ್ತಾರೆಯೇ?" ಅವಳ ಹುಬ್ಬುಗಳು ಹಣೆಯ ಕುಂಕುಮ ಮುಟ್ಟಿದವು. "ಆರು. ದಿನಾ ಮುದ್ದೆಯೋ ಅನ್ನವೋ? ಒಂಬತ್ತು. ಹೆಸರು ಹಿಡಿದು ಕರೆಯುತ್ತಾರೆಯೇ? ಹದಿನಾಲ್ಕು. ಒಂದು ತಿಂಗಳು ಇದ್ದು ನೋಡಿ, ಹೊಂದಿಕೆಯಾಗದಿದ್ದರೆ ವಾಪಸ್ ಕರೆತರಬಹುದೇ?"

ಹಾಳೆ ಕೆಳಗಿಟ್ಟು ಎದೆಯ ಮೇಲೆ ಕೈ ಇಟ್ಟುಕೊಂಡಳು.

"ಅಯ್, ನಿನ್ ಮನೆ ಆಳಾಗ! ಬಾಯಿಲ್ಲ ಬಾಯಿಲ್ಲ ಅಂತಿದ್ವಲ್ಲೇ! ಗಂಡಿನ ಮನೆಯೋರ್ಗೆ ಹದಿನಾಲ್ಕು ಕಂಡೀಸನ್ನಾ? ಒಂದ್ ತಿಂಗ್ಳು ಬಾಳಿ ನೋಡಿ ವಾಪಸ್ ಬತ್ತೀಯಾ? ನಾನು ಇಪ್ಪತ್ತು ವರ್ಸದಿಂದ ಬಾಳ್ತಾವ್ನಿ, ನಂಗ್ಯಾಕೆ ಒಳೀನಿಲ್ಲ ಇದು? ಯಾವೂರಮ್ಮ ಗಂಡು?"

'ಇದು ಅತ್ತೆಗೆ, ಪುಷ್ಪಕ್ಕ.' ಮೂರೇ ಪದ ಸಾಕಿತ್ತು. ಬಾಯಿ ತೆರೆದೆ. ಕಿವಿ ಬಿಸಿಯಾಯಿತು. ಬಾಯಿ ಮುಚ್ಚಿ ತಲೆ ತಗ್ಗಿಸಿದೆ. ಹುಡುಗಿ ತಲೆ ತಗ್ಗಿಸುವುದಕ್ಕೆ ನಮ್ಮೂರಿನಲ್ಲಿ ಒಂದೇ ಅರ್ಥ.

ಬಾಗಿಲಲ್ಲಿ ನಿಂತಿದ್ದ ಅಪ್ಪನಿಗೂ ಮೂರು ಪದ ಸಾಕಿತ್ತು. ಆದರೆ 'ಪುಟ್ಟಮಾದಯ್ಯ ಒಡಹುಟ್ಟಿದ ಅಕ್ಕನ್ನ ಆಶ್ರಮಕ್ಕೆ ತಳ್ಳಿದ' ಎಂದು, ಹಾಲು ಹಾಕಲು ಬಂದವರೆಲ್ಲ ಕ್ಯಾನು ಹಿಡಿದು ಸಾಲಿನಲ್ಲಿ ಮಾತಾಡಿಕೊಳ್ಳುವುದು ಅವರ ಕಣ್ಣಿಗೆ ಕಟ್ಟಿರಬೇಕು.

"ಊಂ ಕಣವ್ವ, ಅಲಗೂರ್ ಕಡೆ" ಎಂದರು. "ಭಾನುವಾರ ಸುಮ್ನೆ ಅಂಗೇ ಮನೆ ನೋಡ್ಕಂಡ್ ಬರವ ಅಂತ."

ಪುಷ್ಪಕ್ಕ ಹೆಪ್ಪು ಮರೆತು ಓಡಿದಳು. ಆ ಸುದ್ದಿಗೆ ಬೇರೆ ಹೆಪ್ಪು ಬೇಕಿರಲಿಲ್ಲ, ಸಂಜೆಯೊಳಗೆ ಊರಲ್ಲೆಲ್ಲ ಗಟ್ಟಿಯಾಗಿ ಕೂತಿತ್ತು. 'ಯಾಕಪ್ಪ ಹಾಗಂದೆ ಎಂದು ಕೇಳಿದೆ' ಎಂದು ದಿನಚರಿಯಲ್ಲಿ ಬರೆದೆ. ಕೇಳಿರಲಿಲ್ಲವಾದ್ದರಿಂದ ಆಮೇಲೆ ಹೊಡೆದುಹಾಕಿದೆ.

ಭಾನುವಾರಕ್ಕೆ ಅಪ್ಪನ ಯೋಜನೆ ಬೇರೆಯೇ ಇತ್ತು. ಅತ್ತೆಯನ್ನೂ ಕರೆತನ್ನಿ, ಹೇಗಿದ್ದಾರೆ ನೋಡಬೇಕು ಎಂದು ಆ ಮನೆಯವರು ಫೋನಿನಲ್ಲಿ ಹೇಳಿದ್ದರು. ವೈದ್ಯನಾಥಪುರದಲ್ಲಿ ಪೂಜೆ ಎಂದು ಅವಳನ್ನು ಬಾಡಿಗೆ ಗಾಡಿ ಹತ್ತಿಸುವುದು. ಮನೆ ಸರಿಯಿದ್ದರೆ, ಅವಳು ಕಾಫಿ ಕುಡಿಯುವ ಹೊತ್ತಿಗೆ ನಾವು ಸದ್ದಿಲ್ಲದೆ ಗಾಡಿ ಹತ್ತುವುದು. ಅವಳ ಸೀರೆ, ಮಾತ್ರೆ, ಕಂಬಳಿ ತುಂಬಿದ ಚೀಲವನ್ನು ಹಿಂದಿನ ದಿನವೇ ಡಿಕ್ಕಿಯಲ್ಲಿ ಬಚ್ಚಿಟ್ಟಿದ್ದರು.

"ಏಳುದ್ರೆ ಹಟ ಮಾಡ್ತಾಳೆ ಮಗ. ಏಳ್ದಿದ್ರೆ ಸಂದೆ ಒಳಗೆ ಮರ್ತೋಯ್ತಾಳೆ" ಎಂದರು, ನನ್ನ ಮುಖ ನೋಡದೆ. ನನ್ನ ಎರಡು ಹಲ್ಲಿನ ನಡುವೆ 'ಬೇಡ' ಎಂಬ ಮಾತಿತ್ತು. ಅದು ಅಲ್ಲೇ ಉಳಿಯಿತು.

ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಹುಚ್ಚೀರಯ್ಯನವರು! ಬಿಳಿ ಪಂಚೆ, ಬಿಳಿ ಶರ್ಟು, ಕಂಕುಳಲ್ಲಿ ಬಾಳೆಹಣ್ಣಿನ ಚಿಪ್ಪು, ಕೈಯಲ್ಲಿ ಎಲೆಅಡಿಕೆ ತಟ್ಟೆ. ಊರಿನಲ್ಲಿ ನಲವತ್ತು ಸಂಬಂಧ ಕೂಡಿಸಿ ಅರವತ್ತು ಮುರಿದ ಹಿರಿಯರು. ಪಕ್ಕದಲ್ಲಿ ಮದುವೆ ಸೀರೆಯುಟ್ಟ ಪುಷ್ಪಕ್ಕ.

"ಏನ್ಲಾ ಪುಟ್ಟಮಾದ, ಊರ್ನೋರ್ನ ಕರೀದಂಗೆ ಮನೆ ನೋಡಕ್ಕೊಂಟಿದ್ದೀಯಾ? ಎಣ್ಸು ಮೊದ್ಲು. ಬೆಸ ಸಂಖ್ಯೆ ಇರ್ಬೇಕು."

ಎಣಿಸಿದರು. ಅವರು, ಪುಷ್ಪಕ್ಕ, ಅಪ್ಪ, ನಾನು.

"ನಾಕು. ಸರಿ ಸಂಖ್ಯೆ ಆಗಕ್ಕಿಲ್ಲ. ಅದೂ ಅಲ್ದೆ ಗಂಡಿನ ಮನೆ ನೋಡಕ್ಕೆ ಹೆಣ್ಣು ಬರೋ ಪದ್ಧತಿ ಇಲ್ಲ."

"ಅವ್ಳು ಎಂಕಾಮು ಕಣಣ್ಣ" ಎಂದಳು ಪುಷ್ಪಕ್ಕ, ಅದೊಂದು ಕಾಯಿಲೆಯೆಂಬಂತೆ. "ಅವ್ಳದು ಪಟ್ಟಿನೇ ಅದೆ."

"ಡ್ರೈವರ್ ಸಿದ್ದರಾಜುನ ಸೇರ್ಸುದ್ರೆ ಐದಾಯ್ತದಲ್ಲ" ಎಂದರು ಅಪ್ಪ.

"ಡ್ರೈವರು ಗಾಡಿಗೆ ಸೇರ್ದೋನು ಕಣ್ಲಾ. ಸ್ಟೆಪ್ನಿ ಇದ್ದಂಗೆ. ಎಣಿಕೆಗೆ ಬರಕ್ಕಿಲ್ಲ."

ಅಷ್ಟರಲ್ಲಿ ಒಳಬಾಗಿಲಿನಿಂದ ಐದನೆಯವಳು ಬಂದಳು. ರೇವತ್ತೆ ಹಸಿರು ಸೀರೆ ಉಟ್ಟಿದ್ದಳು, ಜರಿ ಅಂಚಿನದು, ಮನೆ ನೋಡಲು ಹೋಗುವಾಗ ಮಾತ್ರ ಉಡುತ್ತಿದ್ದದ್ದು. ಎರಡು ವರ್ಷದಿಂದ ಸೆರಗು ಎತ್ತ ಹೊದೆಯಬೇಕೆಂದು ತಿಳಿಯದೆ ನಿಲ್ಲುತ್ತಿದ್ದವಳು ಅಂದು ಹಿಡಿದಿದ್ದ ನೆರಿಗೆ ಗೆರೆ ಎಳೆದಷ್ಟು ನೇರವಾಗಿತ್ತು. ಮನೆ ನೋಡುವ ಮಾತು ಯಾವ ಕತ್ತಲೆ ಮೂಲೆಯಲ್ಲಿ ದೀಪ ಹಚ್ಚಿತ್ತೋ.

"ಒತ್ತಾಯ್ತು ನಡೀರಿ" ಎಂದಳು. ಮುಂದಿನ ಸೀಟಿನಲ್ಲಿ ಕೂತಳು. ವೈದ್ಯನಾಥಪುರದ ಸುಳ್ಳಿಗೆ ಕೆಲಸವೇ ಉಳಿಯಲಿಲ್ಲ.

ಮದ್ದೂರು ದಾಟುತ್ತಲೇ ಹಿಂದಕ್ಕೆ ತಿರುಗಿ ಕೇಳಿದಳು, "ಯಾರ್ಗೆ ಗಂಡು ನೋಡ್ತಿರಾದು?"

"ನಮ್ ಚಂದನಂಗೆ ಕಣಕ್ಕೋ" ಎಂದಳು ಪುಷ್ಪಕ್ಕ.

"ನಮ್ ಚಂದನಂಗಾ!" ಅತ್ತೆಯ ಮುಖ ಅರಳಿತು. ಸೀಟಿನ ಮೇಲಿಂದ ಕೈ ಚಾಚಿ ನನ್ನ ಕೆನ್ನೆ ಸವರಿ, ದೃಷ್ಟಿ ತೆಗೆದು ನೆಟಿಗೆ ಮುರಿದಳು. "ನನ್ ಕೂಸು ಒಳ್ಳೆ ಮನೆ ಸೇರ್ಕಂಡ್ರೆ ನಾನು ನೆಮ್ದಿಯಾಗಿ ಕಣ್ಮುಚ್ತೀನಿ."

ಹತ್ತು ನಿಮಿಷಕ್ಕೆ ಮತ್ತೆ ತಿರುಗಿದಳು. "ಯಾರ್ಗೆ ಗಂಡು?"

ಮದ್ದೂರಿನಿಂದ ಮಳವಳ್ಳಿಗೆ ಹೋಗುವಷ್ಟರಲ್ಲಿ ಅವಳು ಐದು ಸಲ ಕೇಳಿದಳು. ಐದು ಸಲವೂ ಅದು ಆಗ ತಾನೇ ಬಂದ ಸುದ್ದಿ. ಐದು ಸಲ ನೆಟಿಗೆ ಮುರಿದಳು. ಮೊದಲೆರಡು ಸಲ ಗಾಡಿಯಲ್ಲಿ ಎಲ್ಲರೂ ನಕ್ಕರು. ಆಮೇಲೆ ಪುಷ್ಪಕ್ಕನೂ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡತೊಡಗಿದಳು. ಅಪ್ಪ ಜೇಬಿನ ಕಡ್ಡಿಯನ್ನು ಅಂಗಿಯ ಮೇಲಿಂದಲೇ ಒತ್ತಿ ಹಿಡಿದಿದ್ದರು. ಡಿಕ್ಕಿಯಲ್ಲಿ ಚೀಲ ಪ್ರತಿ ಹಳ್ಳಕ್ಕೂ ಒಮ್ಮೆ ದಡಕ್ ಎನ್ನುತ್ತಿತ್ತು.

ಹಲಗೂರಿಗೆ ಸ್ವಲ್ಪ ಈಚೆಗೆ ಆ ಮನೆ. ಗೇಟಿನ ಬೋರ್ಡಿನಲ್ಲಿ 'ಸಂಜೆದೀಪ' ಎಂದು ದೊಡ್ಡ ಅಕ್ಷರ. ಅದರ ಕೆಳಗೆ ಮನೆ ಏನೆಂದು ತಿಳಿಸುತ್ತಿದ್ದ ಸಣ್ಣ ಅಕ್ಷರಗಳನ್ನು ಕಾಗದದ ಹೂವಿನ ಬಳ್ಳಿ ಮುಚ್ಚಿಬಿಟ್ಟಿತ್ತು. ಆ ಬಳ್ಳಿಯನ್ನು ಯಾರಾದರೂ ಕತ್ತರಿಸಿದ್ದರೆ ನಮ್ಮ ಮಾನ ಗೇಟಿನಲ್ಲೇ ಹೋಗಿ, ಒಳಗೆ ಹೋಗಲು ಏನೂ ಉಳಿಯುತ್ತಿರಲಿಲ್ಲ.

ಜಗಲಿಯಲ್ಲಿ ಖಾಕಿ ಅಂಗಿಯ ಮುದುಕರೊಬ್ಬರು ಎದ್ದು ಬಂದು, ಇಲ್ಲದ ಟಿಕೆಟನ್ನು ಹರಿದು ಹುಚ್ಚೀರಯ್ಯನವರ ಕೈಗಿಟ್ಟರು. "ಮುಂದಕ್ಕೋಗಿ ಮುಂದಕ್ಕೋಗಿ. ಒಳಗೆ ಸೀಟವೆ."

"ಗಂಡಿನ ತಾತ ಇರ್ಬೇಕು" ಎಂದು ಹುಚ್ಚೀರಯ್ಯ ಪಿಸುಗುಟ್ಟಿ, ಆ ಇಲ್ಲದ ಟಿಕೆಟನ್ನು ಗೌರವದಿಂದ ಜೇಬಿಗಿಟ್ಟುಕೊಂಡರು.

"ಕರಿಯಪ್ಪನೋರು ಕಂಡಕ್ಟರಾಗಿದ್ರು" ಎನ್ನುತ್ತ ಒಳಗಿನಿಂದ ಬಂದವನು ಆ ಮನೆಯ ಮೇಲ್ವಿಚಾರಕ ರಘುನಂದನ್. ಮೂವತ್ತು ವರ್ಷವಿರಬಹುದು. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಮುಗಿದ ಕೈ. "ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ."

ಪುಷ್ಪಕ್ಕ ನನ್ನ ಸೊಂಟ ಚಿವುಟಿದಳು. "ಕರ್ರಗಿದ್ರೂ ಲಕ್ಷಣವಾಗವ್ನೆ ಕಣೇ."

ಎಲ್ಲರೂ ಕುರ್ಚಿಗಳಲ್ಲಿ ಕೂತರು. ಹುಚ್ಚೀರಯ್ಯ ತಟ್ಟೆಯನ್ನು ಟೀಪಾಯಿಯ ಮೇಲಿಟ್ಟು ಗಂಟಲು ಸರಿಮಾಡಿಕೊಂಡರು. ಅಪ್ಪ ಬಾಯಿ ತೆರೆಯುವ ಮುಂಚೆಯೇ ವಿಚಾರಣೆ ಶುರುವಾಯಿತು.

"ಮನೆ ಸ್ವಂತದ್ದಾ?"

"ಬಾಡಿಗೆ ಸಾರ್."

"ಬಾಡ್ಗೆ!" ಹುಚ್ಚೀರಯ್ಯ ಅಪ್ಪನನ್ನು ನೋಡಿದರು. "ಎಷ್ಟು ಜನ ಅವ್ರೆ ಮನೇಲಿ?"

"ಸದ್ಯಕ್ಕೆ ಇಪ್ಪತ್ತೆರಡು. ಎಲ್ಲಾ ವಯಸ್ಸಾದವರೇ."

"ಒಬ್ಬ ಸೊಸೆಗೆ ಇಪ್ಪತ್ತೆರಡು ಜನ ಅತ್ತೆ ಮಾವದೀರಾ!" ಎಂದು ಪುಷ್ಪಕ್ಕ ಸೆರಗು ಬಾಯಿಗಿಟ್ಟುಕೊಂಡಳು.

"ನಿಮ್ಮಪ್ಪ ಅಮ್ಮ?"

ಆ ಪ್ರಶ್ನೆ ರಘುನಂದನನಿಗೆ ವಿಚಿತ್ರವೆನಿಸಿರಬೇಕು. ಆದರೂ ಮರ್ಯಾದಸ್ಥ. "ಅವರು ಊರಲ್ಲಿದಾರೆ ಸಾರ್, ಅಣ್ಣನ ಜೊತೆ."

"ಹೆತ್ತೋರ್ನ ಅಲ್ಬುಟ್ಟು, ಇಲ್ಲಿ ಇಪ್ಪತ್ತೆರಡು ಜನ ಬ್ಯಾರೆ ಮುದುಕ್ರನ್ನ ಮಡಿಕ್ಕಂಡಿದ್ದೀಯಾ?"

ಅಪ್ಪ ಬೆವರತೊಡಗಿದರು. ಸತ್ಯ ಹೇಳಲು ಅದೇ ಒಳ್ಳೆಯ ಸಮಯ. ಅವರು ಎದ್ದು ನಿಂತರು, ಜೇಬಿಗೆ ಕೈ ಹಾಕಿದರು. "ಹಾಲು ಎಲ್ಲಿಂದ ತರಿಸ್ತೀರಿ? ಅಡುಗೆಮನೆ ಯಾವ ಕಡೆ?" ಎಂದು ಕೇಳಿ ಮಾಯವಾದರು. ಅಪ್ಪ ಮಗಳಲ್ಲಿ ಇರುವ ಹೋಲಿಕೆ ಮೂಗಿನದು ಎಂದು ಎಲ್ಲರೂ ಹೇಳುತ್ತಾರೆ. ಅಲ್ಲ.

ಉಳಿದವಳು ನಾನೆಂದು ರಘುನಂದನ್ ಫೈಲು ತೆರೆದು ನನ್ನತ್ತ ತಿರುಗಿದ. "ರಾತ್ರಿ ಎದ್ದು ಓಡಾಡೋದು ಇದೆಯಾ ಮೇಡಂ? ಕೋಪ ಬಂದ್ರೆ ಹೊಡೆಯೋದು, ಕಚ್ಚೋದು?"

ಹುಚ್ಚೀರಯ್ಯನವರ ಮೀಸೆ ನಿಮಿರಿತು. "ಏನ್ ಕೇಳ್ತಾವ್ನೆ ಇವ್ನು? ನಮ್ ಹುಡ್ಗಿ ಕಚ್ತಾಳೇನಯ್ಯ?"

"ಇದ್ರೂ ಪರವಾಗಿಲ್ಲ ಸಾರ್, ನಾವು ಹೊಂದ್ಕೋತೀವಿ. ಮೊದಲು ಒಂದು ತಿಂಗಳು ಇಲ್ಲಿ ಬಿಟ್ಟು ನೋಡಿ. ಸರಿಹೋದ್ರೆ ಮುಂದುವರಿಸೋಣ, ಇಲ್ಲಾಂದ್ರೆ ಕರ್ಕೊಂಡು ಹೋಗಿ."

ಹುಚ್ಚೀರಯ್ಯ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು. "ಒಂದ್ ತಿಂಗ್ಳು ಬುಟ್ಟು ನೋಡಾದಾ? ಸೆಕೆಂಡ್ ಹ್ಯಾಂಡ್ ಟ್ರಾಕ್ಟ್ರೇನ್ಲಾ ಇದು?"

"ಅದು ಚಂದನನ ಪಟ್ಟೀಲೂ ಅದೆ ಕಣಣ್ಣೋ! ಹದಿನಾಕ್ನೇದು! ಇಬ್ರೂ ಮೊದ್ಲೇ ಮಾತಾಡ್ಕಬುಟ್ಟವ್ರೆ!" ಎಂದು ಪುಷ್ಪಕ್ಕ ಕೂಗಿದಳು.

ನಾನು ತಲೆ ಎತ್ತಿ ನೋಡಿದೆ. ಅತ್ತೆಯ ಕುರ್ಚಿ ಖಾಲಿ. ಅವಳಿಗೆ ಕೊಟ್ಟ ಕಾಫಿ ಹಾಗೇ ಇತ್ತು. ಎಲ್ಲಿಗೆ ಹೋಗಿರುತ್ತಾಳೆಂದು ನನಗೆ ಗೊತ್ತಿತ್ತು. ಗದ್ದಲವನ್ನು ಅಲ್ಲೇ ಬಿಟ್ಟು ಹಿತ್ತಲಿಗೆ ಓಡಿದೆ.

ಅಲ್ಲಿ ಅತ್ತೆ ಕೆಲಸ ಶುರುಮಾಡಿಯಾಗಿತ್ತು. ನುಗ್ಗೆ ಮರದ ಪಕ್ಕ, ಎಳೆಬಿಸಿಲಿನಲ್ಲಿ, ಸಿಮೆಂಟು ಕಟ್ಟೆಯ ಮೇಲೆ ಐದಾರು ಜನ ಅಜ್ಜಿಯರು ಕೂತಿದ್ದರು. ಕವಿತ ಎಂದು ಅಂಗಿಯ ಮೇಲೆ ಹೆಸರು ಸಿಕ್ಕಿಸಿಕೊಂಡಿದ್ದ ನರ್ಸಮ್ಮ ನೀರಿನ ಚೊಂಬು ತಂದುಕೊಟ್ಟಳು. ಅತ್ತೆ ಅದನ್ನು ಮೇಲೆತ್ತಿ ತಳ ನೋಡಿದಳು. ಆಮೇಲೆ ಕುಡಿದಳು. ಬಟ್ಟೆ ಒಗೆಯುವ ಕಲ್ಲಿನ ಕೆಳಗೆ ಕೆಂದು ನಾಯಿಯೊಂದು ಮಲಗಿತ್ತು. ಅದರ ಮುಂದೆ ತಟ್ಟನೆ ಕೈ ಎತ್ತಿದಳು. ಅದು ಆಟಕ್ಕೆ ಕರೆದಳೆಂದು ಬಾಲ ಅಲ್ಲಾಡಿಸುತ್ತ ಬಂತು. ಆಮೇಲೆ, ನಾನು ತಡೆಯುವಷ್ಟರಲ್ಲಿ, ಕಟ್ಟೆಯ ಮೊದಲ ಅಜ್ಜಿಯ ಮುಂದೆಯೂ ಹಾಗೆಯೇ ಕೈ ಎತ್ತಿದಳು.

ಆ ಅಜ್ಜಿ ಬೆಚ್ಚಲಿಲ್ಲ. ಎತ್ತಿದ ಕೈಯನ್ನು ಹಿಡಿದುಕೊಂಡು, "ಬಾ ಕೂತ್ಕ. ಬಿಸ್ಲು ಚೆಂದಾಗದೆ" ಎಂದಳು.

ನನ್ನ ಮುಷ್ಟಿಯಲ್ಲಿ ಪ್ರಶ್ನೆಗಳ ಹಾಳೆ ಬೆವರಿಗೆ ಒದ್ದೆಯಾಗಿತ್ತು. ಎರಡನೆಯ ಪ್ರಶ್ನೆಗೆ ಉತ್ತರ ಬಂದಿತ್ತು, ಕೇಳುವ ಮುಂಚೆಯೇ. ಮಂಡ್ಯದ ಆ ಅಜ್ಜಿಯ ಮುಂದೆ ಹೀಗೆ ಕೈ ಎತ್ತಿದ್ದರೆ ಏನಾಗುತ್ತಿತ್ತೆಂದು ನೆನೆದು ನಾನೇ ಬೆಚ್ಚಿದೆ.

ಅತ್ತೆ ಒಬ್ಬೊಬ್ಬರ ಪಕ್ಕವೂ ಕೂತಳು. ಊರು ಕೇಳಿದಳು, ಮಕ್ಕಳೆಷ್ಟು ಕೇಳಿದಳು, ಕೈ ಹಿಡಿದು ಉಗುರು ನೋಡಿದಳು. ಕಟ್ಟೆಯ ಕೊನೆಯಲ್ಲಿ ಕವಿತ ನೆಲದ ಮೇಲೆ ಕೂತು, ಒಬ್ಬ ಮುದುಕಿಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ನೇಲ್‌ಕಟರಿನಿಂದ ಉಗುರು ತೆಗೆಯುತ್ತಿದ್ದಳು.

"ಚಿಕ್ಕಬೋರಮ್ಮ, ಕಾಲು ಎಳ್ಕೋಬೇಡಿ, ಇನ್ನು ಎರಡೇ ಬೆರಳು."

"ಕಚಗುಳಿ ಆಯ್ತದೆ ಕಣೇ" ಎಂದು ಆ ಮುದುಕಿ ಮಗುವಿನಂತೆ ನಗುತ್ತಿದ್ದಳು.

ಹೆಸರು ಹಿಡಿದು ಕರೆಯುತ್ತಾರೆಯೇ? ಒಂಬತ್ತನೆಯ ಪ್ರಶ್ನೆ. ಕರೆಯುತ್ತಾರೆ.

ಅತ್ತೆ ಬಹಳ ಹೊತ್ತು ನಿಂತು ಅದನ್ನೇ ನೋಡಿದಳು. ಆಮೇಲೆ ನನ್ನತ್ತ ಬಂದಳು. ಅವಳ ಕಣ್ಣು ಎರಡು ವರ್ಷದಲ್ಲಿ ಅಷ್ಟು ತಿಳಿಯಾಗಿದ್ದುದನ್ನು ನಾನು ಕಂಡಿರಲಿಲ್ಲ. ಅಷ್ಟರಲ್ಲಿ ಹುಚ್ಚೀರಯ್ಯ ಕೂಗಾಡುತ್ತ ಹಿತ್ತಲಿಗೆ ಬಂದರು. ಹಿಂದೆ ಪುಷ್ಪಕ್ಕ, ಅವಳ ಹಿಂದೆ ಫೈಲು ಹಿಡಿದು ಕಂಗಾಲಾದ ರಘುನಂದನ್.

"ನಡಿ ರೇವಕ್ಕ, ಈ ಸಂಬಂದ ಬ್ಯಾಡ! ಬಾಡ್ಗೆ ಮನೆ, ಇಪ್ಪತ್ತೆರಡು ಮುದುಕ್ರು, ಒಂದ್ ತಿಂಗ್ಳು ಟ್ರಯಲ್ಲು ಬ್ಯಾರೆ ಕೇಳ್ತಾವ್ನೆ!"

"ಬಾಯ್ಮುಚ್ಕಳ್ಲಾ ಹುಚ್ಚೀರ" ಎಂದಳು ಅತ್ತೆ. "ಕುರ್ಚಿ ಮೇಲೆ ಕೂತು ಕಾಪಿ ಕುಡ್ದೋರ್ಗೆ ಮನೆ ಕಾಣ್ಸಕ್ಕಿಲ್ಲ. ನಾನು ಇತ್ಲು ನೋಡಿವ್ನಿ, ಉಗುರು ನೋಡಿವ್ನಿ. ಕೊಡ್ಬೌದು. ನನ್ ಮಗೀನ ಈ ಮನೆಗೆ ಕಣ್ಮುಚ್ಕಂಡು ಕೊಡ್ಬೌದು."

ಹುಚ್ಚೀರಯ್ಯ ಬಾಯಿ ಮುಚ್ಚಿಕೊಂಡರು. ಮೂವತ್ತು ವರ್ಷದ ಅಭ್ಯಾಸ.

ಅತ್ತೆ ನನ್ನ ಬಲಗೈಯನ್ನು ತನ್ನ ಎರಡೂ ಕೈಗಳಲ್ಲಿ ತೆಗೆದುಕೊಂಡಳು. "ಆದ್ರೆ ನಾನೇಳುದ್ರೆ ಸಾಲ್ದು ಮಗ. ಇಲ್ಲಿ ಇರಾದು ನಾನಲ್ಲ, ನೀನು. ನಿಂಗೆ ಒಪ್ಗೆನಾ? ಬಾಯ್ಬುಟ್ಟು ಏಳು."

ಅಡುಗೆಮನೆಯ ಬಾಗಿಲಿನಿಂದ ಅಪ್ಪ ಓಡಿಬಂದರು. ಕೈಯಲ್ಲಿ ಹಾಲು ತೊಟ್ಟಿಕ್ಕುವ ಕಡ್ಡಿ. "ಇಪ್ಪತ್ತೊಂಬತ್ತು ಡಿಗ್ರಿ! ಒಂದ್ ತೊಟ್ಟು ನೀರಿಲ್ಲ!" ಎಂದವರು ನಮ್ಮನ್ನು ನೋಡಿ ಅಲ್ಲೇ ನಿಂತರು. ಅವರ ಕಣ್ಣು ನನ್ನನ್ನು ಬೇಡುತ್ತಿತ್ತು, 'ಈಗ ಸುಮ್ಮನೆ ಹೂಂ ಅಂದುಬಿಡು, ಗಾಡಿ ತಿರುಗಿಸಿ ನಿಲ್ಲಿಸಿದೆ.'

ನಾನು ತಲೆ ತಗ್ಗಿಸಿದೆ.

"ತಲೆ ತಗ್ಗಿಸ್ಬುಟ್ಲು. ಒಪ್ಗೆನೇ" ಎಂದಳು ಪುಷ್ಪಕ್ಕ ಮೆಲ್ಲಗೆ.

"ತಲೆ ಮಾತಾಡಕ್ಕಿಲ್ಲ ಕಣೇ ಪುಷ್ಪಾ" ಎಂದಳು ಅತ್ತೆ.

ತಗ್ಗಿಸಿದ ತಲೆಗೆ ಕಂಡದ್ದು ನನ್ನ ಕೈಯನ್ನು ಹಿಡಿದಿದ್ದ ಅವಳ ಕೈಗಳು. ಉಗುರು ಉದ್ದ ಬೆಳೆದು ಒಳಕ್ಕೆ ಬಾಗಿದ್ದವು. ಸಂದಿಯಲ್ಲಿ ಕಪ್ಪು ಕೊಳೆ. ಹೆಬ್ಬೆರಳಿನ ಉಗುರು ಅರ್ಧಕ್ಕೆ ಸೀಳಿ, ಅಲ್ಲಿ ರಕ್ತ ಒಣಗಿ ಎಷ್ಟೋ ದಿನವಾಗಿತ್ತು. ಬೆಳಿಗ್ಗೆ ಸಂಜೆ ಅವಳಿಗೆ ಮಾತ್ರೆ ನುಂಗಿಸುತ್ತಿದ್ದವಳು ನಾನು. ಆ ಕೈಗೇ ಮಾತ್ರೆ ಇಡುತ್ತಿದ್ದೆ. ಈ ಎರಡು ವರ್ಷದಲ್ಲಿ ಯಾರಾದರೂ ನಮ್ಮ ಮನೆ ನೋಡಲು ಬಂದಿದ್ದರೆ, ಹಿತ್ತಲಿನವರೆಗೆ ಬಂದು, ಅವಳ ಕೈ ಹಿಡಿದು, ಒಂದು ಮಾತೂ ಆಡದೆ ಎದ್ದು ಹೋಗುತ್ತಿದ್ದರು.

ತಲೆ ಎತ್ತಿದೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಕಿವಿ ಬಿಸಿಯಾಯಿತು, ಆಗಲಿ ಎಂದುಕೊಂಡೆ.

"ಅತ್ತೆ" ಎಂದೆ. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೆ ಗೊತ್ತಿರಲಿಲ್ಲ, ಜಗಲಿಯಲ್ಲಿದ್ದ ಕರಿಯಪ್ಪನವರೂ ತಿರುಗಿ ನೋಡಿದರು. "ಈ ಮನೆ ನಂಗಲ್ಲ. ನಿಂಗೇ ನೋಡಕ್ಕೆ ಬಂದಿರಾದು. ನಿನ್ನ ನೋಡ್ಕಳಕ್ಕೆ ನಮ್ ಕೈಲಿ ಆಗ್ನಿಲ್ಲ ಅತ್ತೆ, ನಿನ್ ಉಗುರೂ ನಾವು ಕತ್ತರ್ಸ್ನಿಲ್ಲ. ಈಗ ನೀನೇ ಏಳು, ನಿಂಗೆ ಒಪ್ಗೆನಾ?"